ಲಿಂಗೈಕ್ಯ ಶ್ರೀ ಎಸ್. ಆರ್. ಕಂಠಿಯವರ ಲೋಕಸೇವೆ

(ಶ್ರೀಮಠದ ಮಹೋತ್ಸವದಲ್ಲಿ ನಡೆದ ಸ್ಮರಣೋಪನ್ಯಾಸ)



ಮಠಗಳ ಮಹೋತ್ಸವಗಳಲ್ಲಿ ಗುರುಪರಂಪರೆಯನ್ನು ಸ್ಮರಿಸುವದರೊಡನೆ, ಭಕ್ತಸಮೂಹದಲ್ಲಿ ಹುಟ್ಟಿ ಲೋಕವ್ಯವಹಾರದ ನಟ್ಟನಡುವೆ ನಿಂತು ಬಾಳಿದ ಗೃಹಸ್ಥರನ್ನು ನೆನೆಯುವದೂ ಹಿಂದಿನಿಂದ ನಡೆದುಬಂದ ಸಂಪ್ರದಾಯವು. ವಿರಕ್ತನಾದವನು ಒಂದು ವಸ್ತುವನ್ನು ಬಿಟ್ಟನೆಂದರೆ ಆಶ್ಚರ್ಯವೇನೂ ಇಲ್ಲ. ಬಿಡುವದಕ್ಕಾಗಿಯೇ ಅವನು ಕಾವಿಯನ್ನುಟ್ಟವನು. ಆದರೆ ಮನೆ, ಮಾನ, ಪಕ್ಷ, ಪಂಗಡಗಳೆಂಬ ಹಗ್ಗಗಳು ನಾಲ್ಕೂ ಕಡೆಯಿಂದ ಎಳೆಯುತ್ತಿರುವ ಸಂಸಾರಿಯೊಬ್ಬನು, ಕೈಗೆ ಬಂದ ರಾಜ್ಯಾಧಿಕಾರವನ್ನು ಯಾವ ಕಾಯದೆಯ ನಿರ್ಬಂಧವೂ ಇಲ್ಲದಿರುವಾಗ, ತನ್ನಲ್ಲಿ ಇಟ್ಟುಹೋದ ಗಂಟನ್ನು ಇಟ್ಟವರ ಕೈಗೆ ಕೊಡುವಂತೆ ತಿರುಗಿ ಒಪ್ಪಿಸಿದನೆಂದರೆ, ಅದು ನಿಂತು ವಿಚಾರಿಸತಕ್ಕ ಸಂಗತಿಯು. ಲಿಂಗೈಕ್ಯ ಶ್ರೀ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರ ಜೀವಿತದಲ್ಲಿ ಅಂಥದೊಂದು ಸಂಗತಿಯುಂಟು. ಅವರು ಶಾಸನಸಭೆಯಲ್ಲಿ ಮಾಡಿದ ಕೆಲಸಗಳು ಹಲವಾದರೂ ಜನದ ನೆನಪು ಬಹುಮಟ್ಟಿಗೆ ಆ ಒಂದರ ಸುತ್ತಲೇ ಸುತ್ತುತ್ತದೆ. ಆ ನೆನಪು ತಪ್ಪಲ್ಲ, ಆದರೆ ಅರ್ಧವಾದದ್ದು. ಆ ಒಂದು ದಿನದ ಹಿಂದೆ ಹತ್ತು ವರ್ಷಗಳ ಸಾಧನೆಯಿತ್ತು.

ಕಂಠಿಯವರು ಜನಿಸಿದ್ದು 1908ನೆಯ ಇಸವಿ ಡಿಸೆಂಬರ 21ರಂದು, ಅಂದಿನ ವಿಜಾಪುರ ಜಿಲ್ಲೆಯ ಕೆರೂರಿನಲ್ಲಿ. 1997ರಲ್ಲಿ ವಿಜಾಪುರ ಜಿಲ್ಲೆಯು ಎರಡಾದ ಮೇಲೆ ಆ ಊರು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಧಾರವಾಡ, ಕೊಲ್ಲಾಪುರಗಳಲ್ಲಿ ವ್ಯಾಸಂಗ ಮಾಡಿ, ಕಾಯದೆಯ ಪದವಿಯನ್ನು ಪಡೆದು, ರಾಷ್ಟ್ರೀಯ ಚಳವಳಿಯಲ್ಲಿ ಪಾಲುಗೊಂಡು, ಅವರು ಸಾರ್ವಜನಿಕ ಜೀವನಕ್ಕೆ ಬಂದರು. ಅವರ ಕಾರ್ಯಕ್ಷೇತ್ರವಾದದ್ದು ಹುನಗುಂದ.

ಹುನಗುಂದ ತಾಲೂಕೆಂದರೆ ಶರಣರ ಮಕ್ಕಳಿಗೆ ಬೇರೆ ಹೇಳಬೇಕಾದದ್ದಿಲ್ಲ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮವು ಆ ತಾಲೂಕಿನದು. ಅಣ್ಣ ಬಸವಣ್ಣನವರು ಕಲ್ಯಾಣದ ಅಧಿಕಾರವನ್ನು ಹಿಂದೆ ಬಿಟ್ಟು ಬಂದು ಲಿಂಗೈಕ್ಯರಾದ ಪುಣ್ಯಭೂಮಿಯು ಅದು. ಚಾಲುಕ್ಯರ ಗುಡಿಗಳ ಐಹೊಳೆಯೂ, ಮಗ್ಗದ ಸದ್ದು ಹಗಲೆಲ್ಲ ಕೇಳಿಬರುವ ಇಳಕಲ್ಲೂ ಆ ಸೀಮೆಯವೇ. ಇಷ್ಟಿದ್ದೂ ಎರಡು ದೊಡ್ಡ ಹೊಳೆಗಳು ಮಗ್ಗುಲಲ್ಲಿಯೇ ಹರಿಯುತ್ತಿರಲು, ಒಕ್ಕಲಿಗನು ಮಾತ್ರ ಎರಿಹೊಲದ ಬದುವಿನ ಮೇಲೆ ನಿಂತು ಮುಗಿಲನ್ನೇ ನೋಡಬೇಕಾಗಿದ್ದ ಬರಗಾಲದ ನಾಡು. ಇಂಥ ಕ್ಷೇತ್ರದ ಜನರು 1957, 1962, 1967 ಹೀಗೆ ಮೂರು ಸಾರ್ವತ್ರಿಕ ಚುನಾವಣೆಗಳಲ್ಲಿ ಕಂಠಿಯವರನ್ನು ಮೈಸೂರು ವಿಧಾನಸಭೆಗೆ ಆರಿಸಿ ಕಳುಹಿಸಿದರು.

ಅದಕ್ಕೂ ಮೊದಲು ಅವರು ಮುಂಬಯಿ ವಿಧಾನಸಭೆಯಲ್ಲಿದ್ದರು. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಈ ನಾಲ್ಕು ಕನ್ನಡ ಜಿಲ್ಲೆಗಳು ಅಂದು ಮುಂಬಯಿ ರಾಜ್ಯಕ್ಕೆ ಅಂಟಿಕೊಂಡಿದ್ದವು. ಮರಾಠಿ, ಗುಜರಾತಿ ಸದಸ್ಯರೇ ತುಂಬಿದ್ದ ಆ ಸಭೆಯಲ್ಲಿ ಕನ್ನಡಿಗರದು ಸಣ್ಣ ಗುಂಪು. ಅಂಥಲ್ಲಿ 1952ರಲ್ಲಿ ಉಪಸಭಾಧ್ಯಕ್ಷತೆಗೆ ವಿಜಾಪುರ ಸೀಮೆಯ ಈ ಕನ್ನಡಿಗರನ್ನು ಆರಿಸಿದರು; 1956ರಲ್ಲಿ ರಾಜ್ಯಗಳ ಪುನರ್ರಚನೆಯಾಗುವವರೆಗೂ ಅವರು ಆ ಸ್ಥಾನದಲ್ಲಿದ್ದರು. ಸಂಖ್ಯಾಬಲವಿಲ್ಲದ ಪಂಗಡದವನು ಅಧ್ಯಕ್ಷಪೀಠದಲ್ಲಿ ಕುಳಿತರೆ ಅವನಿಗೆ ನ್ಯಾಯವೊಂದೇ ಬಲ. ತನ್ನವರ ಪರವಾಗಿ ಒಂದು ಮಾತು ವಾಲಿದರೂ ಸಭೆಯು ಎದ್ದು ನಿಲ್ಲುವದು. ತನ್ನವರಿಗೆ ವಿರೋಧವಾಗಿ ವಾಲಿದರೆ ಊರಿನವರು ಕ್ಷಮಿಸರು. ಆ ನಾಲ್ಕು ವರ್ಷಗಳು ಕಂಠಿಯವರಿಗೆ ಒಳ್ಳೆಯ ಗರಡಿಮನೆಯಾದವೆಂದು ತಿಳಿಯಬೇಕು.

ಇಲ್ಲಿ ಒಂದು ಸಂಗತಿಯನ್ನು ಗುರುತಿಟ್ಟುಕೊಳ್ಳುವದು ಮುಂದಿನ ವಿಚಾರಕ್ಕೆ ಅವಶ್ಯವು. 1952ರ ಚುನಾವಣೆಯಲ್ಲಿ ಶ್ರೀ ಮೊರಾರಜಿ ದೇಸಾಯಿಯವರು ತಮ್ಮ ಕ್ಷೇತ್ರದಲ್ಲಿ ಅತ್ಯಲ್ಪ ಮತಗಳಿಂದ ಸೋತಿದ್ದರು. ಆದರೂ ಪಕ್ಷವು ಅವರನ್ನೇ ನಾಯಕರನ್ನಾಗಿ ಆರಿಸಲು, ಅವರು ಮುಂಬಯಿಯ ಮುಖ್ಯಮಂತ್ರಿಗಳಾದರು. ಭಾರತದ ಸಂವಿಧಾನದ 164ನೆಯ ಅನುಚ್ಛೇದದ ಮೇರೆಗೆ ಶಾಸನಸಭೆಯ ಸದಸ್ಯನಲ್ಲದವನೂ ಆರು ತಿಂಗಳ ಮಟ್ಟಿಗೆ ಮಂತ್ರಿಯಾಗಿರಬಹುದು. ಕಂಠಿಯವರು ಇದನ್ನೆಲ್ಲ ಉಪಸಭಾಧ್ಯಕ್ಷರ ಆಸನದಿಂದ ಕಣ್ಣಾರೆ ಕಂಡವರು. ಹತ್ತು ವರ್ಷಗಳ ತರುವಾಯ ಇದೇ ಪ್ರಶ್ನೆಯು ಬೇರೊಂದು ರೂಪದಲ್ಲಿ ಅವರ ಮನೆಯ ಬಾಗಿಲಿಗೇ ಬರಲಿತ್ತು.

1956ನೆಯ ನವೆಂಬರ 1ರಂದು ಕನ್ನಡ ನಾಡು ಒಂದಾಯಿತು. ಒಂದಾಯಿತೆಂದು ಹೇಳುವದು ಸುಲಭ. ಹಳೆಯ ಮೈಸೂರು, ಮುಂಬಯಿಯ ನಾಲ್ಕು ಜಿಲ್ಲೆಗಳು, ಹೈದರಾಬಾದದ ಮೂರು ಜಿಲ್ಲೆಗಳು, ಮದರಾಸಿನಿಂದ ಬಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಕೊಡಗು ಇವೆಲ್ಲವೂ ಒಂದೇ ಛತ್ರದ ಕೆಳಗೆ ಬಂದಾಗ, ಐದು ಮನೆಗಳಲ್ಲಿ ಬೇರೆ ಬೇರೆಯಾಗಿ ಬೆಳೆದ ಅಣ್ಣತಮ್ಮಂದಿರು ಒಂದೇ ಪಂಕ್ತಿಗೆ ಕುಳಿತಂತಾಯಿತು. ತಾಲೂಕಿನ ಅಧಿಕಾರಿಯೊಬ್ಬನನ್ನೇ ಮೈಸೂರಿನವರು ಅಮಲ್ದಾರನೆಂದರು, ಮುಂಬಯಿ ಕಡೆಯವರು ಮಾಮಲೇದಾರನೆಂದರು, ಹೈದರಾಬಾದದವರು ತಹಸೀಲದಾರನೆಂದರು. ಕಂದಾಯದ ಕಾಯದೆ ಒಂದೊಂದು ಕಡೆಗೆ ಒಂದೊಂದು, ಗೇಣಿಯ ಪದ್ಧತಿ ಒಂದೊಂದು, ಸಭೆಯಲ್ಲಿ ಮಾತನಾಡುವ ಕನ್ನಡವೂ ಒಂದೊಂದು ಬಗೆ. ಮೇಲಾಗಿ ಏಕೀಕರಣದ ವಿಷಯದಲ್ಲಿ ಹಳೆಯ ಮೈಸೂರಿನ ಕೆಲವರ ಮನಸ್ಸಿನಲ್ಲಿದ್ದ ಸಂದೇಹವು ಆಗ ಇನ್ನೂ ಆರಿರಲಿಲ್ಲ.

ಅಂಥ ಸಮಯದಲ್ಲಿ, 1956ರ ಡಿಸೆಂಬರ 19ರಂದು, ಏಕೀಕೃತ ರಾಜ್ಯದ ವಿಧಾನಸಭೆಗೆ ಕಂಠಿಯವರು ಸಭಾಧ್ಯಕ್ಷರಾದರು. ವಿಧಾನಸೌಧವು ಆಗತಾನೇ ಮುಗಿದಿತ್ತು. ಕಲ್ಲಿನ ಕಟ್ಟಡವನ್ನು ಕಟ್ಟಿದವರು ಶ್ರೀ ಕೆಂಗಲ್ ಹನುಮಂತಯ್ಯನವರು. ಅದರೊಳಗೆ ಸಭೆಯ ಮರ್ಯಾದೆಯೆಂಬ ಕಣ್ಣಿಗೆ ಕಾಣದ ಕಟ್ಟಡವನ್ನು ಎಬ್ಬಿಸುವ ಕೆಲಸವು ಕಂಠಿಯವರ ಪಾಲಿಗೆ ಬಂದಿತು. 1957ರ ಚುನಾವಣೆಯಾದ ಬಳಿಕ 208 ಸದಸ್ಯರ ಸಭೆಗೂ ಅವರೇ ಅಧ್ಯಕ್ಷರಾಗಿ, 1962ರ ಮಾರ್ಚ 9ರವರೆಗೆ ಆ ಪೀಠದಲ್ಲಿದ್ದರು.

ಸಭಾಧ್ಯಕ್ಷನ ಧರ್ಮವು ವಿಚಿತ್ರವಾದದ್ದು. ಅವನು ಸಭೆಯ ಹಿರಿಯನು, ಆದರೆ ವಾದಕ್ಕೆ ಇಳಿಯುವಂತಿಲ್ಲ. ಎಲ್ಲರೂ ಮತ ಕೊಡುವಾಗ ಅವನು ಸುಮ್ಮನೆ ಕುಳಿತಿರಬೇಕು. ಎರಡು ಪಕ್ಷದ ಮತಗಳು ಸಮವಾಗಿ ನಿಂತಾಗ ಮಾತ್ರ ಅವನ ಮತವು ಬೀಳತಕ್ಕದ್ದು. ಯಾವ ಪಕ್ಷದ ಚೀಟಿಯಿಂದ ಆರಿಸಿ ಬಂದನೋ ಆ ಪಕ್ಷವನ್ನೇ ಸಭೆಯೊಳಗೆ ಮರೆತಿರಬೇಕು. ಜಂಗಮನಿಗೆ ಮನೆಯಿಲ್ಲವೆನ್ನುವಂತೆ ಸಭಾಧ್ಯಕ್ಷನಿಗೆ ಪಂಗಡವಿಲ್ಲ. ಕಂಠಿಯವರು ಪೀಠದಲ್ಲಿದ್ದಾಗಲೇ 1958ರ ಮೇ ತಿಂಗಳಲ್ಲಿ ಶ್ರೀ ಎಸ್. ನಿಜಲಿಂಗಪ್ಪನವರ ಮಂತ್ರಿಮಂಡಲವು ಹೋಗಿ ಶ್ರೀ ಬಿ. ಡಿ. ಜತ್ತಿಯವರ ಮಂತ್ರಿಮಂಡಲವು ಬಂದಿತು. ಜತ್ತಿಯವರು ಜಮಖಂಡಿ ಸೀಮೆಯವರು, ಎಂದರೆ ಕಂಠಿಯವರ ಜಿಲ್ಲೆಯವರೇ. ನಿಜಲಿಂಗಪ್ಪನವರು ಏಕೀಕರಣದ ಹೋರಾಟದ ಮುಂದಾಳು. ಇಬ್ಬರ ಬೆಂಬಲಿಗರ ನಡುವೆ ಬಿಸಿಯೇರಿದ್ದ ಆ ಕಾಲದಲ್ಲಿ ಪೀಠವನ್ನು ಎರಡು ಮಂತ್ರಿಮಂಡಲಗಳ ಉದ್ದಕ್ಕೂ ಕಾಪಾಡಿಕೊಂಡು ಬಂದದ್ದು ಸಣ್ಣ ಮಾತಲ್ಲ. 1959ರ ಗ್ರಾಮಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಶಾಸನ, 1961ರ ಭೂಸುಧಾರಣಾ ಶಾಸನ, ಅದೇ ವರ್ಷದ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ ಇವು ಆ ಸಭೆಯಲ್ಲಿ ಹಾದುಹೋದವು. ಐದು ಸೀಮೆಗಳ ಪದ್ಧತಿಗಳನ್ನು ತೆಗೆದು ಒಂದೇ ಕಟ್ಟಳೆಯನ್ನು ತರುವ ಶಾಸನಗಳವು. ಭೂಮಿಯ ಪ್ರಶ್ನೆಯಂತೂ ಸದಸ್ಯರಲ್ಲಿ ಅನೇಕರ ಸ್ವಂತ ಹೊಲಕ್ಕೇ ಸಂಬಂಧಿಸಿದ್ದು. ಮಾತನಾಡಬೇಕಾದವರಿಗೆಲ್ಲ ಮಾತಿನ ಅವಕಾಶ ಸಿಕ್ಕಿತೋ ಇಲ್ಲವೋ ಎಂಬದನ್ನು ಅಳೆಯುವ ತಕ್ಕಡಿಯು ಸಭಾಧ್ಯಕ್ಷನ ಕೈಯಲ್ಲಿರುತ್ತದೆ.

ಈಗ 1962ರ ಮಾತಿಗೆ ಬರಬಹುದು. ಆ ವರ್ಷದ ಫೆಬ್ರುವರಿಯಲ್ಲಿ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು 208 ಸ್ಥಾನಗಳಲ್ಲಿ 138ನ್ನು ಗೆದ್ದುಕೊಂಡಿತು. ಗೆದ್ದ ಪಕ್ಷದಲ್ಲಿ ಬಹುಜನರು ನಾಯಕರೆಂದು ನಂಬಿದ್ದ ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಶ್ರೀ ಜಿ. ಟಿ. ರಂಗಪ್ಪನವರೆದುರು ಸೋತುಹೋದರು. ಮದುವೆಯ ಮನೆ ಸಿಂಗಾರವಾಗಿ ನಿಂತಿರಲು ಮದುಮಗನೇ ಬಾರದಂತಾಯಿತು. ಆಗ ಶಾಸಕರು ಕಂಠಿಯವರನ್ನು ನಾಯಕರನ್ನಾಗಿ ಆರಿಸಿದರು. ಮಾರ್ಚ 14ರಂದು ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಆಗ ರಾಜ್ಯಪಾಲರಾಗಿದ್ದವರು ಶ್ರೀ ಜಯಚಾಮರಾಜ ಒಡೆಯರವರು. ವಂಶಪಾರಂಪರ್ಯವಾಗಿ ಬಂದ ಸಿಂಹಾಸನವನ್ನು ಪ್ರಜೆಗಳಿಗೊಪ್ಪಿಸಿದ ಅರಸರ ಕಾಲದಲ್ಲಿ, ಕೆಲವು ದಿನಗಳ ಮಟ್ಟಿಗೆಂದು ಬಂದ ಪೀಠವನ್ನು ಒಪ್ಪಿಸಬೇಕಾದ ಒಕ್ಕಲುನಾಡಿನ ವಕೀಲರು ಅಧಿಕಾರಕ್ಕೆ ಬಂದರು!

ಅತ್ತ ಬಾಗಲಕೋಟೆ ಕ್ಷೇತ್ರದಿಂದ ಆರಿಸಿ ಬಂದಿದ್ದ ಶ್ರೀ ಬಿ. ಟಿ. ಮುರನಾಳರು ತಮ್ಮ ಸ್ಥಾನಕ್ಕೆ ರಾಜೀನಾಮೆಯನ್ನಿತ್ತರು. ಅಲ್ಲಿಯ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಆರಿಸಿ ಬಂದರು. ಜೂನ 20ರವರೆಗೆ ಕಂಠಿಯವರು ಮುಖ್ಯಮಂತ್ರಿಗಳು. ಜೂನ 21ರಂದು ನಿಜಲಿಂಗಪ್ಪನವರು. ನೂರು ದಿನಗಳೂ ತುಂಬಲಿಲ್ಲ. ಒಬ್ಬರು ಶಾಸಕಸ್ಥಾನವನ್ನು, ಇನ್ನೊಬ್ಬರು ಮುಖ್ಯಮಂತ್ರಿಸ್ಥಾನವನ್ನು ಬಿಟ್ಟರು; ಇಬ್ಬರೂ ಒಂದೇ ಜಿಲ್ಲೆಯವರು. ಕಂಠಿಯವರ ಹೆಸರನ್ನು ಹೇಳುವಾಗ ಮುರನಾಳರನ್ನು ಮರೆಯುವದು ನ್ಯಾಯವಲ್ಲ.

ಇಷ್ಟನ್ನು ಕೇಳಿದವರು ಸಾಮಾನ್ಯವಾಗಿ ರಾಮಾಯಣದ ಭರತನನ್ನು ನೆನೆಯುತ್ತಾರೆ. ಹೋಲಿಕೆಯು ಸುಂದರವಾಗಿದೆ, ಆದರೆ ಸಂಪೂರ್ಣವಾಗಿ ಸಲ್ಲದು. ಭರತನು ತಮ್ಮನು, ರಕ್ತದ ಋಣವು ಅವನನ್ನು ಕಟ್ಟಿತ್ತು, ಸಿಂಹಾಸನದ ಮೇಲೆ ಪಾದುಕೆಗಳನ್ನಿಟ್ಟು ತಾನು ಕೆಳಗೆ ಕುಳಿತನು. ಕಂಠಿಯವರು ಪಾದುಕೆಗಳನ್ನಿಡಲಿಲ್ಲ, ತಾವೇ ಪೂರ್ಣಾಧಿಕಾರದಿಂದ ಕುಳಿತರು. ಕಾಯದೆಯ ದೃಷ್ಟಿಯಲ್ಲಿ ಅವರು ತಾತ್ಕಾಲಿಕ ಮುಖ್ಯಮಂತ್ರಿಯಲ್ಲ. ಸಂವಿಧಾನದಲ್ಲಿ ಅಂಥ ಪದವಿಯೇ ಇಲ್ಲ. ಸಭೆಯ ವಿಶ್ವಾಸವಿರುವವರೆಗೆ ಅವರನ್ನು ಇಳಿಸಬಲ್ಲ ವಿಧಿಯು ಯಾವದೂ ಇರಲಿಲ್ಲ. ಮುಖ್ಯಮಂತ್ರಿಯ ಕೈಯಲ್ಲಿ ಮಂತ್ರಿಪದವಿಗಳಿವೆ, ಖಾತೆಗಳಿವೆ, ವರ್ಗಾವಣೆಗಳಿವೆ. ಮನಸ್ಸು ಮಾಡಿದವನಿಗೆ ಮೂರು ತಿಂಗಳಲ್ಲಿ ಮೂವತ್ತು ಮಂದಿಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವದು ಅಸಾಧ್ಯವಲ್ಲವೆಂಬದನ್ನು ಅನಂತರದ ಭಾರತದ ರಾಜಕೀಯವು ಮೇಲಿಂದ ಮೇಲೆ ತೋರಿಸಿಕೊಟ್ಟಿದೆ. ನಂಬಿ ಕೂಡ್ರಿಸಿದವರ ಮೇಲೆಯೇ ತಿರುಗಿಬಿದ್ದವರ ಕಥೆಗಳನ್ನು ಇಲ್ಲಿ ಬಿಡಿಸಿ ಹೇಳುವ ಅವಶ್ಯಕತೆಯಿಲ್ಲ. ಕೊಟ್ಟ ಮಾತೊಂದರ ಹೊರತು ಬೇರೆ ಕಟ್ಟು ಇಲ್ಲದಿರುವಾಗ ಆ ಮಾತು ನಿಂತಿತು.

ಆದರೂ ಸ್ತುತಿಯೊಂದೇ ವಿಚಾರವಲ್ಲ. ಈ ಘಟನೆಯ ವಿಷಯದಲ್ಲಿ ಎರಡು ಆಕ್ಷೇಪಗಳನ್ನು ಎತ್ತಲು ಅವಕಾಶವಿದೆ; ಅವನ್ನು ಮುಚ್ಚಿಡುವದು ಕಂಠಿಯವರಿಗೆ ಮಾಡುವ ಗೌರವವಾಗದು. ಹೊಸದುರ್ಗದ ಮತದಾರರು ಬೇಡವೆಂದವರನ್ನು ಬಾಗಲಕೋಟೆಯ ಬಾಗಿಲಿನಿಂದ ಕರೆದುತಂದು ರಾಜ್ಯದ ಮೇಲೆ ಕೂಡ್ರಿಸುವದು ಪ್ರಜಾಪ್ರಭುತ್ವಕ್ಕೆ ಒಪ್ಪುತ್ತದೆಯೇ? ಪಕ್ಷವೇ ಯಾವತ್ತನ್ನೂ ಮೊದಲೇ ತೀರ್ಮಾನಿಸಿದ ಮೇಲೆ ಮತದಾರನಿಗೆ ಉಳಿದದ್ದೇನು? ಇದು ಒಂದು. ನಿನ್ನೆಯವರೆಗೆ ಪಕ್ಷಾತೀತವಾದ ಸಭಾಧ್ಯಕ್ಷಪೀಠದಲ್ಲಿದ್ದವರು ಐದೇ ದಿನಗಳಲ್ಲಿ ಒಂದು ಪಕ್ಷದ ಸರಕಾರಕ್ಕೆ ಮುಖ್ಯರಾಗುವದು ಆ ಪೀಠದ ಮರ್ಯಾದೆಗೆ ಕುಂದಲ್ಲವೇ? ಇದು ಇನ್ನೊಂದು.

ಮೊದಲನೆಯ ಆಕ್ಷೇಪಕ್ಕೆ ಬಲವಿದೆ. ಆದರೆ ಅದಕ್ಕೆ ಉತ್ತರವೂ ಆ ಘಟನೆಯಲ್ಲಿಯೇ ಇದೆ. 1952ರಲ್ಲಿ ಮುಂಬಯಿಯಲ್ಲಿ ಆದಂತೆ, ಸೋತವರನ್ನೇ ನೇರವಾಗಿ ಮುಖ್ಯಮಂತ್ರಿಯನ್ನಾಗಿ ಮಾಡಿ ಆರು ತಿಂಗಳೊಳಗೆ ಒಂದು ಸ್ಥಾನವನ್ನು ಹುಡುಕಿಕೊಳ್ಳಲು ಕಾಯದೆಯ ಅಡ್ಡಿಯಿರಲಿಲ್ಲ. ಮೈಸೂರಿನಲ್ಲಿ ವಿಧಾನಪರಿಷತ್ತಿನ ಸುಲಭವಾದ ಮೆಟ್ಟಿಲೂ ಇತ್ತು. ಅದಾವದನ್ನೂ ಹಿಡಿಯದೆ, ಜನರ ಮುಂದೆ ಮತ್ತೊಮ್ಮೆ ಹೋಗಿ ಅವರ ಒಪ್ಪಿಗೆಯನ್ನು ಪಡೆದ ಮೇಲೆಯೇ ಪೀಠವನ್ನೇರುವದಾಯಿತು. ಅಲ್ಲಿಯವರೆಗೆ ಗೆದ್ದವರೊಬ್ಬರು ರಾಜ್ಯವನ್ನು ನಡೆಯಿಸಬೇಕಾಯಿತು. ಹೀಗಾಗಿ ಕಂಠಿಯವರು ಕಾದುಕೊಟ್ಟದ್ದು ಒಬ್ಬ ಮನುಷ್ಯನ ಕುರ್ಚಿಯನ್ನಷ್ಟೇ ಅಲ್ಲ. ಸೋತವನು ಗೆಲ್ಲುವವರೆಗೆ ಕಾಯಬೇಕೆಂಬ ಮರ್ಯಾದೆಯನ್ನೂ ಅವರು ಕಾದುಕೊಟ್ಟರು. ಎರಡನೆಯ ಆಕ್ಷೇಪಕ್ಕೆ ಅಷ್ಟು ಸಮರ್ಪಕವಾದ ಉತ್ತರವಿಲ್ಲ. ಸಭಾಧ್ಯಕ್ಷನಾದವನು ಆ ಮೇಲೆ ಪಕ್ಷದ ಕೆಲಸಕ್ಕೆ ಬರದಿರುವದೇ ಲೇಸು. ಭಾರತದಲ್ಲಿ ಆ ಪದ್ಧತಿಯು ಅಂದೂ ನೆಲೆಗೊಂಡಿರಲಿಲ್ಲ, ಅನಂತರವೂ ನೆಲೆಗೊಳ್ಳಲಿಲ್ಲ. ಎರಡು ಬಣಗಳೂ ನಂಬಬಹುದಾದ ಮನುಷ್ಯನನ್ನು ಹುಡುಕಿದವರಿಗೆ ಐದು ವರ್ಷ ತಕ್ಕಡಿಯನ್ನು ಹಿಡಿದ ಕೈಯೇ ಕಣ್ಣಿಗೆ ಬಿದ್ದದ್ದು ಸಹಜವೆಂದಷ್ಟೇ ಹೇಳಬಹುದು.

ಪೀಠವನ್ನಿಳಿದವರು ಮುಂದೇನು ಮಾಡಿದರು? ಮುಖ್ಯಮಂತ್ರಿಯಾಗಿದ್ದವರು ಅದೇ ಮನೆಯಲ್ಲಿ ಮಂತ್ರಿಯಾಗಿ ಕೂಡ್ರಲು ಸಂಕೋಚಪಡುವದು ಲೋಕರೂಢಿ. ನಿನ್ನೆ ತಾನು ಅಧ್ಯಕ್ಷತೆ ವಹಿಸಿದ ಮಂತ್ರಿಮಂಡಲದ ಸಭೆಯಲ್ಲಿ ಇಂದು ಪಕ್ಕದ ಕುರ್ಚಿಯಲ್ಲಿ ಕುಳಿತು, ಬೇರೊಬ್ಬರ ಅಪ್ಪಣೆಯಂತೆ ಕಡತವನ್ನು ಓದಿ ಹೇಳುವದು ಹೆಮ್ಮೆಗೆ ಚುಚ್ಚುವ ಮಾತು. ಕಂಠಿಯವರು ಅದನ್ನು ಲೆಕ್ಕಿಸದೆ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಗಳಾದರು. ನಿಜವಾಗಿ ನೋಡಿದರೆ ಜೂನ 20ರ ತ್ಯಾಗಕ್ಕಿಂತ ಇದು ಕಠಿಣವಾದದ್ದು. ಅದು ಒಂದು ದಿನದ ಕೆಲಸ, ಇದು ವರ್ಷಗಟ್ಟಲೆ ದಿನವೂ ಮಾಡಬೇಕಾದದ್ದು. ಶರಣರು ಕಾಯಕವೆಂದದ್ದು ಇಂಥದನ್ನೇ. ಅಲ್ಲಿ ಮೇಲು ಕೀಳೆಂಬ ಭೇದವಿಲ್ಲ.

ವಿದ್ಯಾ ಇಲಾಖೆಯು ಆ ಕಾಲದಲ್ಲಿ ಸುಖದ ಖಾತೆಯಾಗಿರಲಿಲ್ಲ. ಮುಂಬಯಿ ಕಡೆಯ ಹಳ್ಳಿಗಳಲ್ಲಿ ಮುಲ್ಕಿ ಪರೀಕ್ಷೆ ಮುಗಿಸಿದವನೇ ಪಂಡಿತನು. ಹೈದರಾಬಾದ ಜಿಲ್ಲೆಗಳಲ್ಲಿ 1948ರವರೆಗೆ ಉರ್ದುವೇ ವಿದ್ಯೆಯ ಭಾಷೆಯಾಗಿತ್ತು. ಹಳೆಯ ಮೈಸೂರಿನಲ್ಲಿ ಅರಸರ ಕಾಲದಿಂದ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳ ಸುವ್ಯವಸ್ಥೆಯಿತ್ತು. ಇವೆಲ್ಲವುಗಳ ಪಠ್ಯಕ್ರಮ, ಪರೀಕ್ಷೆ, ಉಪಾಧ್ಯಾಯರ ಸಂಬಳ ಸಾರಿಗೆಗಳನ್ನು ಒಂದು ಸಾಲಿಗೆ ತರಬೇಕಾಗಿತ್ತು. ಕನ್ನಡವನ್ನು ರಾಜ್ಯದ ಆಡಳಿತಭಾಷೆಯನ್ನಾಗಿ ಮಾಡುವ ಶಾಸನವು 1963ರಲ್ಲಿ ಬಂದಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಇವು ಒಬ್ಬರ ಕೆಲಸಗಳಲ್ಲ, ಇಡೀ ಮಂತ್ರಿಮಂಡಲದ ಕೆಲಸಗಳು.

ಕಂಠಿಯವರ ಹೆಸರಿಗೆ ವಿಶೇಷವಾಗಿ ಸಲ್ಲತಕ್ಕದ್ದು ವಿಜಾಪುರದ ಸೈನಿಕ ಶಾಲೆ. ಕೇಂದ್ರ ಸರಕಾರದ ಯೋಜನೆಯಂತೆ ಇಂಥ ಶಾಲೆಗಳಲ್ಲಿ ಮೊದಲನೆಯದು 1961ರಲ್ಲಿ ಸಾತಾರೆಯಲ್ಲಿ ಆರಂಭವಾಗಿತ್ತು. 1962ರ ಶರತ್ಕಾಲದಲ್ಲಿ ಚೀನದ ಆಕ್ರಮಣವಾದ ಮೇಲೆ ದೇಶರಕ್ಷಣೆಯ ಚಿಂತೆಯು ಎಲ್ಲರ ಮನಸ್ಸಿನಲ್ಲಿಯೂ ಹೊಕ್ಕಿತು. ಮೈಸೂರು ರಾಜ್ಯಕ್ಕೊಂದು ಸೈನಿಕ ಶಾಲೆಯಾಗಬೇಕೆಂದಾಗ, ಅದು ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಆಗದೆ, ರಾಜಧಾನಿಯಿಂದ ಮುನ್ನೂರು ಮೈಲಿಗೂ ಆಚೆಯ ವಿಜಾಪುರದಲ್ಲಿ 1963ರ ಸೆಪ್ಟೆಂಬರ 16ರಂದು ಪ್ರಾರಂಭವಾಯಿತು. ಬರಗಾಲದಲ್ಲಿ ಗುಳೆ ಹೋಗುವವರ ಜಿಲ್ಲೆಯೆಂದು ಹೆಸರಾದಲ್ಲಿ ದೇಶದ ಸೇನೆಗೆ ಅಧಿಕಾರಿಗಳನ್ನು ಸಿದ್ಧಗೊಳಿಸುವ ವಿದ್ಯಾಲಯವು ಎದ್ದಿತು. ಒಕ್ಕಲಿಗನ ಮಗನೂ ನೇಕಾರನ ಮಗನೂ ಪರೀಕ್ಷೆ ಕೊಟ್ಟು ಒಳಹೊಗಬಹುದಾದ ಆ ಶಾಲೆಯಲ್ಲಿ ಮಕ್ಕಳ ನಿಲಯಗಳಿಗೆ ಹೊಯ್ಸಳ, ರಾಷ್ಟ್ರಕೂಟ, ವಿಜಯನಗರ, ಆದಿಲಶಾಹಿ ಮುಂತಾದ ಕನ್ನಡ ನಾಡಿನ ರಾಜವಂಶಗಳ ಹೆಸರುಗಳಿವೆ. ಮುಂದೆ 1969ರಲ್ಲಿ ಚೆನ್ನಮ್ಮ ರಾಣಿಯ ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಅದೇ ಮಾದರಿಯ ವಸತಿಶಾಲೆಯೊಂದು ಆರಂಭವಾಯಿತು. ಅದರ ಮೂಲಪುರುಷರಲ್ಲಿಯೂ ಕಂಠಿಯವರನ್ನು ಸ್ಮರಿಸುವದುಂಟು. ಗಂಡುಮಕ್ಕಳ ಶಾಲೆಯನ್ನು ತೆರೆದು ಸುಮ್ಮನಾಗದೆ ಹೆಣ್ಣುಮಕ್ಕಳ ಸಲುವಾಗಿಯೂ ವಿಚಾರಿಸಿದ್ದು, ಅಕ್ಕಮಹಾದೇವಿಯನ್ನು ಅಕ್ಕನೆಂದು ಕರೆದ ಸಮಾಜದವರಿಗೆ ತಕ್ಕದ್ದೇ ಆಗಿತ್ತು.

ಹೊಳೆಯ ದಂಡೆಯಲ್ಲಿದ್ದೂ ನೀರಿಲ್ಲದ ನಾಡಿನ ಮಾತು ಹಿಂದೆ ಬಂದಿತ್ತು. ಕೃಷ್ಣೆಗೆ ಅಣೆಕಟ್ಟಾಗಬೇಕೆಂಬದು ಆ ಸೀಮೆಯ ಹಿರಿಯರ ಬಹುಕಾಲದ ಬಯಕೆ. ಕಂಠಿಯವರು ಮಂತ್ರಿಗಳಾಗಿದ್ದ ಕಾಲದಲ್ಲಿಯೇ, 1964ರಲ್ಲಿ, ಆಲಮಟ್ಟಿಯಲ್ಲಿ ಶ್ರೀ ಲಾಲಬಹಾದ್ದೂರ ಶಾಸ್ತ್ರಿಯವರು ಮೇಲಣ ಕೃಷ್ಣಾ ಯೋಜನೆಗೆ ಅಡಿಗಲ್ಲನ್ನಿಟ್ಟರು. ಆ ಕಲ್ಲಿನ ಮೇಲೆ ಕಟ್ಟೆ ಪೂರ್ಣವಾಗಿ ಏಳಲು ನಾಲ್ವತ್ತು ವರ್ಷಗಳೇ ಬೇಕಾದವು. ನಾರಾಯಣಪುರದ ಜಲಾಶಯವು ತುಂಬಿ ಸಂಗಮದವರೆಗೆ ನೀರು ನಿಂತಾಗ, ಬಸವಣ್ಣನವರ ಐಕ್ಯಸ್ಥಳಕ್ಕೆ ಸುತ್ತುಗೋಡೆಯನ್ನೆಬ್ಬಿಸಿ ಕಾಪಾಡಬೇಕಾಯಿತು. ಅದನ್ನು ನೋಡುವ ಭಾಗ್ಯವು ಕಂಠಿಯವರಿಗಿರಲಿಲ್ಲ.

1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರಾಗಿ ರಾಜ್ಯವನ್ನು ಬಿಟ್ಟು ಹೋದರು. ಶ್ರೀ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾದರು. 1969ರ ನವೆಂಬರಿನಲ್ಲಿ ಆ ಮಹಾಪಕ್ಷವು ಎರಡಾಗಿ ಸೀಳಿತು. ಯಾರು ಯಾರ ಕಡೆಗೆ, ಯಾರ ಕೈಯಲ್ಲಿ ಎಷ್ಟು ಮಂದಿ ಎಂಬ ಎಣಿಕೆಯಲ್ಲಿ ದೇಶವೆಲ್ಲ ತೊಡಗಿದ್ದ ಆ ದಿನಗಳಲ್ಲಿ, ಡಿಸೆಂಬರ 25ರಂದು, ಶ್ರೀ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು ಲಿಂಗೈಕ್ಯರಾದರು. ಅವರಿಗೆ ಅರುವತ್ತೊಂದು ವರ್ಷ ತುಂಬಿ ನಾಲ್ಕು ದಿನಗಳಾಗಿದ್ದವು.